ಗಣಿತ ಇಷ್ಟು ನಿಖರವಾದ ಮೇಲೂ ಏಕಾದಶಿಗೆ ಎರಡೆರಡು ದಿನ ಯಾಕೆ?

ತುಂಗಾತೀರ (ಪ್ರಶ್ನೆ)

ಒಂದೇ ಏಕಾದಶಿಗೆ ಮೂರು ಕಡೆ ಮೂರು ಥರ ಉತ್ತರ ಬಂದಿದೆ. ಅಂಕಿಗಳನ್ನು ಹಾಗೇ ಕೊಡುತ್ತೇನೆ, ಬೆಂಗಳೂರಿನ ಸೂರ್ಯೋದಯ 6.10 ಅಂತ ಇಟ್ಟುಕೊಳ್ಳಿ.

ಫೋನಿನ ಆಪ್ (ದೃಗ್ಗಣಿತ, ಅಂದರೆ ಆಕಾಶದಲ್ಲಿ ಕಾಣುವುದಕ್ಕೆ ಹೊಂದುವ ಗಣಿತ, ಅಂತ ಬರೆದಿದೆ): ದಶಮಿ ಬುಧವಾರ ಬೆಳಗ್ಗೆ 5.20ರವರೆಗೆ, ಏಕಾದಶಿ ಗುರುವಾರ ಬೆಳಗ್ಗೆ 5.40ರವರೆಗೆ, ದ್ವಾದಶಿ ಶುಕ್ರವಾರ ಬೆಳಗ್ಗೆ 6.25ರವರೆಗೆ. ಉಪವಾಸ ಬುಧವಾರ.

ಮನೆಯ ಮುದ್ರಿತ ಪಂಚಾಂಗ (ಸೂರ್ಯಸಿದ್ಧಾಂತ ಎಂಬ ಹಳೆಯ ಗ್ರಂಥದ ಗಣಿತದ್ದು): ಬುಧವಾರದ ಸಾಲಿನಲ್ಲಿ "ದಶಮಿ 1-15". ಉಪವಾಸ ಗುರುವಾರ.

ನ್ಯೂಜೆರ್ಸಿಯ ನೆಂಟರು: ಊರಿನ ಮಠದಲ್ಲಿ ಗುರುವಾರ ಅಂದಿದ್ದಾರೆ, ನಾವೂ ಗುರುವಾರ.

ಕೇಳಬೇಕಾದದ್ದು ಇಷ್ಟು. ಇದರಲ್ಲಿ ಲೆಕ್ಕದ ವ್ಯತ್ಯಾಸ ಎಷ್ಟು, ನಿಯಮದ ವ್ಯತ್ಯಾಸ ಎಷ್ಟು? ಆಪ್‌ನಲ್ಲಿ ಅಯನಾಂಶ (ರಾಶಿಚಕ್ರದ ಆರಂಭಬಿಂದುವನ್ನು ಎಷ್ಟು ಸರಿಸಬೇಕು ಎಂಬ ಅಂಕಿ) ಬದಲಿಸಿದರೆ ಹೊಂದಿಕೆಯಾಗುತ್ತದೆಯೇ? ಚಂದ್ರ ಎಲ್ಲಿದ್ದಾನೆ ಅಂತ ಸೆಕೆಂಡಿನ ಲೆಕ್ಕದಲ್ಲಿ ಗೊತ್ತಿರುವ ಈ ಕಾಲದಲ್ಲಿ ಗೊಂದಲ ಕಡಿಮೆಯಾಗುವ ಬದಲು ಹೆಚ್ಚಾಗಿದೆಯಲ್ಲ, ಅದು ಹೇಗೆ? ವಿಜ್ಞಾನ ದೊಡ್ಡದೋ ಶಾಸ್ತ್ರ ದೊಡ್ಡದೋ ಎಂಬ ಜಗಳ ಬೇಡ, ದಯವಿಟ್ಟು.

---

ಘಟಿಕಾ60

ಮೊದಲು ಆ "1-15" ನೋಡೋಣ. ಅದು ಗಡಿಯಾರದ ಸಮಯವಲ್ಲ. ಸೂರ್ಯೋದಯದಿಂದ 1 ಘಟಿ 15 ವಿಘಟಿ. ಘಟಿಗೆ 24 ನಿಮಿಷ, ವಿಘಟಿಗೆ 24 ಸೆಕೆಂಡ್. ಅಂದರೆ 30 ನಿಮಿಷ. ದಶಮಿ ಮುಗಿಯುವುದು 6.40ಕ್ಕೆ. ಮುದ್ರಿತ ಪಂಚಾಂಗಕ್ಕೂ ಆಪ್‌ಗೂ ಇರುವ ಅಂತರ ಒಂದು ಗಂಟೆ ಇಪ್ಪತ್ತು ನಿಮಿಷ. ("ಏಕಾದಶಿ 12-30" ಅಂತ ಕಂಡರೆ ಮಧ್ಯಾಹ್ನ ಹನ್ನೆರಡೂವರೆ ಅಂದುಕೊಳ್ಳುವವರು ಬಹಳ. ಅದು ಸೂರ್ಯೋದಯವಾಗಿ ಐದು ಗಂಟೆಯ ನಂತರ.)

ಈ ಅಂತರ ಎಲ್ಲಿಂದ ಬಂತು? ತಿಥಿ ಎಂದರೆ ಸೂರ್ಯನಿಂದ ಚಂದ್ರ 12 ಅಂಶ ಮುಂದೆ ಸರಿಯಲು ಹಿಡಿಯುವ ಕಾಲ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ. ಸರಾಸರಿ ಸ್ಥಾನಕ್ಕಿಂತ ಅವನು ಹಿಂದೆ ಮುಂದೆ ಆಗುವುದನ್ನು ಸೂರ್ಯಸಿದ್ಧಾಂತ ಒಂದೇ ಸಂಸ್ಕಾರದಲ್ಲಿ (ತಿದ್ದುಪಡಿಯಲ್ಲಿ) ತೀರಿಸುತ್ತದೆ: ಮಂದಫಲ, ಹೆಚ್ಚೆಂದರೆ ಸುಮಾರು 5 ಅಂಶ. ಇಂದಿನ ಗಣಿತದಲ್ಲಿ ಆ ಮುಖ್ಯ ಪದ 6.29 ಅಂಶ. ಅದರ ಜೊತೆಗೆ ಸೂರ್ಯನ ಸೆಳೆತದಿಂದ ಬರುವ 1.27 ಅಂಶದ ಇನ್ನೊಂದು ಪದ (ಇವೆಕ್ಷನ್), 0.66 ಅಂಶದ ಮತ್ತೊಂದು (ವೇರಿಯೇಷನ್), ಆಮೇಲೆ ನೂರಾರು ಸಣ್ಣಪುಟ್ಟವು.

ಇಲ್ಲಿರುವ ಸ್ವಾರಸ್ಯ ಗಮನಿಸಿ. ಅಮಾವಾಸ್ಯೆ, ಹುಣ್ಣಿಮೆಯಲ್ಲಿ ಇವೆಕ್ಷನ್ ಮುಖ್ಯ ಪದಕ್ಕೆ ಎದುರಾಗಿ ನಿಲ್ಲುತ್ತದೆ: 6.29ರಲ್ಲಿ 1.27 ಕಳೆದರೆ 5.02. ಅಂದರೆ ಸಿದ್ಧಾಂತದ 5 ಅಂಶ ಹುಣ್ಣಿಮೆ, ಅಮಾವಾಸ್ಯೆಗೆ ಸರಿಯಾಗಿ ಕೂರುತ್ತದೆ. ಗ್ರಹಣಗಳನ್ನು ಕಣ್ಣಾರೆ ನೋಡಿ ತಾಳೆ ಹಾಕಿದವರ ಗಣಿತ ಅದು, ಗ್ರಹಣವಾಗುವುದು ಆ ಎರಡು ದಿನ ಮಾತ್ರ. ಅಷ್ಟಮಿಗೆ ಬಂದರೆ ಇವೆರಡೂ ಒಂದೇ ಕಡೆಗೆ ಎಳೆಯುತ್ತವೆ: 6.29 ಮತ್ತು 1.27 ಸೇರಿ 7.56. ವ್ಯತ್ಯಾಸ ಎರಡೂವರೆ ಅಂಶ. ಸೂರ್ಯನಿಗೆ ಹೋಲಿಸಿದರೆ ಚಂದ್ರ ದಿನಕ್ಕೆ ಸುಮಾರು 12.2 ಅಂಶ ಸರಿಯುತ್ತಾನೆ, ಹಾಗಾಗಿ ಎರಡೂವರೆ ಅಂಶ ಎಂದರೆ ಹತ್ತಿರಹತ್ತಿರ ಐದು ಗಂಟೆ. ಏಕಾದಶಿ ನಡುವಿನಲ್ಲಿದೆ; ಅಲ್ಲೂ ಕೆಲವು ಗಂಟೆಗಳ ವ್ಯತ್ಯಾಸ ಬರಬಹುದು. ನಿಮ್ಮ 80 ನಿಮಿಷ ಏನೇನೂ ಅಸಹಜವಲ್ಲ.

ಹಳೆಯ ಮಾತಿನಲ್ಲೇ ಇದಕ್ಕೆ ಗುರುತು ಇದೆ: "ಬಾಣವೃದ್ಧಿ ರಸಕ್ಷಯ". ಬಾಣ ಐದು, ರಸ ಆರು. ತಿಥಿ 60 ಘಟಿಗಿಂತ ಹೆಚ್ಚೆಂದರೆ 5 ಘಟಿ ಬೆಳೆಯಬಹುದು, 6 ಘಟಿ ಕುಗ್ಗಬಹುದು. 65ರಿಂದ 54 ಘಟಿ. ದೃಗ್ಗಣಿತದಲ್ಲಿ ಅದು "ಸಪ್ತವೃದ್ಧಿ ದಶಕ್ಷಯ". ಸುಮಾರು 67ರಿಂದ 50 ಘಟಿ. ಕೈಯಲ್ಲಿರುವ ಪಂಚಾಂಗದಲ್ಲಿ ಒಂದು ವರ್ಷದ ತಿಥಿಗಳನ್ನು ನೋಡುತ್ತಾ ಹೋಗಿ. 54ಕ್ಕಿಂತ ಕಡಿಮೆ ಎಲ್ಲೂ ಸಿಗದಿದ್ದರೆ ಅದು ಸಿದ್ಧಾಂತದ್ದು.

ಇನ್ನೂ ಚುರುಕಾದ ಪರೀಕ್ಷೆ ಬೇಕೆಂದರೆ: ಶುಕ್ಲ ಅಷ್ಟಮಿ 84 ಅಂಶದಿಂದ 96 ಅಂಶದವರೆಗೆ, ಅದರ ನಟ್ಟನಡುವೆ 90. ಅರ್ಧಚಂದ್ರನ ಕ್ಷಣವೂ ಅದೇ. ಖಗೋಳ ಕೋಷ್ಟಕಗಳಲ್ಲಿ ಅರ್ಧಚಂದ್ರನ ಸಮಯ ನಿಮಿಷದ ಮಟ್ಟಕ್ಕೆ ಸಿಗುತ್ತದೆ. ನಿಮ್ಮ ಪಂಚಾಂಗದ ಅಷ್ಟಮಿಯ ಆರಂಭ ಮತ್ತು ಅಂತ್ಯದ ಮಧ್ಯಬಿಂದು ಅದಕ್ಕೆ ಹತ್ತಿಪ್ಪತ್ತು ನಿಮಿಷದೊಳಗೆ ಕೂತರೆ ದೃಗ್ಗಣಿತ. ಗಂಟೆಗಟ್ಟಲೆ ಸರಿದಿದ್ದರೆ ಸಿದ್ಧಾಂತ. ಎರಡು ಮೂರು ತಿಂಗಳ ಅಷ್ಟಮಿಗಳನ್ನು ನೋಡಿ. ಒಂದೇ ತಿಂಗಳಲ್ಲಿ ಅಕಸ್ಮಾತ್ತಾಗಿ ಹೊಂದಿಕೊಂಡಿರಬಹುದು.

ಅಯನಾಂಶ? ತಿಥಿಗೆ ಅದು ಸಂಬಂಧವೇ ಇಲ್ಲ. ಚಂದ್ರನ ಸ್ಥಾನದಿಂದ ಸೂರ್ಯನ ಸ್ಥಾನವನ್ನು ಕಳೆಯುವಾಗ ಎರಡರಲ್ಲೂ ಇರುವ ಅಯನಾಂಶ ಹಾರಿಹೋಗುತ್ತದೆ. ಲಾಹಿರಿ ಅಯನಾಂಶ ಹಾಕಿ, ರಾಮನ್ ಅಯನಾಂಶ ಹಾಕಿ, ಏಕಾದಶಿ ಒಂದು ಸೆಕೆಂಡೂ ಅಲುಗುವುದಿಲ್ಲ. ಅಲುಗಿದರೆ ಆ ಆಪನ್ನು ಅಳಿಸಿಹಾಕಿ. ನಕ್ಷತ್ರ ಬದಲಾಗುತ್ತದೆ, ಯೋಗ ಎರಡರ ಮೊತ್ತವಾದ್ದರಿಂದ ದುಪ್ಪಟ್ಟು ಬದಲಾಗುತ್ತದೆ, ಸಂಕ್ರಾಂತಿ ಸರಿಯುತ್ತದೆ, ಅದರಿಂದ ಅಪರೂಪಕ್ಕೆ ಅಧಿಕಮಾಸವೂ ಸರಿಯಬಹುದು.

---

ಅರುಣೋದಯ

ಘಟಿಕಾ ಅವರು ಗಣಿತ ಚೆನ್ನಾಗಿ ಬಿಡಿಸಿದ್ದಾರೆ. ಆದರೆ ನಿಮ್ಮ ಪ್ರಕರಣದಲ್ಲಿ ಇಡೀ ಗಣಿತವನ್ನು ಆಪ್‌ನಿಂದಲೇ ತೆಗೆದುಕೊಂಡರೂ ವೈಷ್ಣವರಿಗೆ ಗುರುವಾರವೇ ಬರುತ್ತದೆ. ಇದನ್ನು ಆಪ್ ಹೇಳುವುದಿಲ್ಲ.

ಸೂರ್ಯೋದಯ 6.10. ಅರುಣೋದಯ ಅದಕ್ಕಿಂತ 4 ಘಟಿ ಹಿಂದೆ, 96 ನಿಮಿಷ, ಅಂದರೆ 4.34. ಆ ಹೊತ್ತಿಗೆ ದಶಮಿ ಇನ್ನೂ ಇದೆ, 5.20ರವರೆಗೆ. ಇದು ದಶಮೀವಿದ್ಧ ಏಕಾದಶಿ, ಅಂದರೆ ದಶಮಿ ತಾಗಿದ್ದು. ಸ್ಮಾರ್ತರು ಸೂರ್ಯೋದಯಕ್ಕೆ ಏಕಾದಶಿ ಇದೆಯೇ ಎಂದು ನೋಡುತ್ತಾರೆ, ಅವರಿಗೆ ಬುಧವಾರ ಸರಿ. ಮಾಧ್ವರಿಗೆ ವಿದ್ಧ ಏಕಾದಶಿ ತ್ಯಾಜ್ಯ, ಮರುದಿನ ದ್ವಾದಶಿಯಂದು ಉಪವಾಸ. ಮುದ್ರಿತ ಪಂಚಾಂಗದ ಲೆಕ್ಕದಲ್ಲಂತೂ ಬುಧವಾರ ಸೂರ್ಯೋದಯಕ್ಕೇ ದಶಮಿ ಇದೆ, ಅಲ್ಲಿ ಯಾರಿಗೂ ಬುಧವಾರವಿಲ್ಲ. ಒಂದೇ ಉತ್ತರ ಎರಡು ಬೇರೆ ದಾರಿಯಿಂದ ಬಂದಿದೆ ಅಷ್ಟೆ.

ಪಾರಣೆ (ಉಪವಾಸ ಮುಗಿಸಿ ಉಣ್ಣುವುದು) ನೋಡಿ, ಅದು ಇದಕ್ಕಿಂತ ಸೂಕ್ಷ್ಮ. ಬುಧವಾರ ಉಪವಾಸ ಮಾಡಿದವರು ಗುರುವಾರ ಎದ್ದ ಕೂಡಲೇ ಪಾರಣೆ ಮಾಡುವ ಹಾಗಿಲ್ಲ. ದ್ವಾದಶಿಯ ಮೊದಲ ಕಾಲುಭಾಗ ಹರಿವಾಸರ. ದ್ವಾದಶಿ ಗುರುವಾರ 5.40ರಿಂದ ಶುಕ್ರವಾರ 6.25, ಒಟ್ಟು 24 ಗಂಟೆ 45 ನಿಮಿಷ. ಕಾಲುಭಾಗ 6 ಗಂಟೆ 11 ನಿಮಿಷ. ಆದ್ದರಿಂದ 11.51ರ ನಂತರ. ಗುರುವಾರ ಉಪವಾಸ ಮಾಡಿದವರಿಗೆ ಶುಕ್ರವಾರ ಸೂರ್ಯೋದಯವಾದ ಮೇಲೆ ದ್ವಾದಶಿ ಉಳಿದಿರುವುದು 15 ನಿಮಿಷ. ಇಷ್ಟು ಕಡಿಮೆ ಉಳಿದರೆ ಅದು ಸಾಧನ ದ್ವಾದಶಿ. ಸ್ನಾನ, ಆಹ್ನಿಕ, ಪೂಜೆ ಎಲ್ಲ ಸೂರ್ಯೋದಯಕ್ಕೆ ಮೊದಲೇ ಮುಗಿಸಿ, ತೀರ್ಥ ತೆಗೆದುಕೊಂಡು ಆ 15 ನಿಮಿಷದೊಳಗೆ ಪಾರಣೆ ಆಗಬೇಕು. ಅಡುಗೆ ಎಷ್ಟು ಹೊತ್ತಿಗೆ ಶುರುವಾಗಬೇಕು ಎಂದು ಮನೆಯವರನ್ನು ಕೇಳಿ!

ಇನ್ನು ಗಣಿತದ ವಿಚಾರ. ಸಿದ್ಧಾಂತ ಪಂಚಾಂಗದವರನ್ನು ಹಳೇ ಪುಸ್ತಕ ಬಿಡದ ಹಟಮಾರಿಗಳು ಎಂದು ತಳ್ಳಿಹಾಕುವುದು ಸುಲಭ. ಅವರ ವಾದ ಹೀಗಿದೆ: ಗ್ರಹಣದಂಥ ಕಣ್ಣಿಗೆ ಕಾಣುವ ವಿಷಯಕ್ಕೆ ದೃಗ್ಗಣಿತ ಇರಲಿ, ವ್ರತದ ಫಲ ಕಾಣದ್ದು, ಅದಕ್ಕೆ ಶಾಸ್ತ್ರೋಕ್ತ ಗಣಿತವೇ ಪ್ರಮಾಣ. ಕಾಶಿಯ ಖಗೋಳಜ್ಞ ಕಮಲಾಕರ 1658ರಲ್ಲೇ ಇದನ್ನು ಸ್ಪಷ್ಟವಾಗಿ ಪ್ರತಿಪಾದಿಸಿದ. ಧರ್ಮಗ್ರಂಥಗಳ ವೇಧ (ಹಿಂದಿನ ತಿಥಿ ತಾಗುವುದು), ವೃದ್ಧಿ, ಕ್ಷಯದ ನಿರ್ಣಯಗಳು ಬಾಣವೃದ್ಧಿ ರಸಕ್ಷಯದ ತಿಥಿಗಳನ್ನು ಮನಸ್ಸಿನಲ್ಲಿಟ್ಟು ಬರೆದವು ಎಂಬುದೂ ಅವರ ಆಕ್ಷೇಪ. 50 ಘಟಿಯ ತಿಥಿ ಬಂದರೆ ಶ್ರಾದ್ಧದ ಅಪರಾಹ್ಣ (ಮಧ್ಯಾಹ್ನದ ನಂತರದ ಹೊತ್ತು) ನಿರ್ಣಯದಂಥ ಕಡೆ ಆ ನಿಯಮಗಳು ಕುಂಟುತ್ತವೆ. ಇದಕ್ಕೆ ಹೆಚ್ಚು ನಿಖರವಾದ ಚಂದ್ರ ಉತ್ತರವಾಗುವುದಿಲ್ಲ.

---

ಕೋಡ್‌ಕುಲಕರ್ಣಿ

ಆಪ್‌ಗಳ ಒಳಗೆ ಏನಾಗುತ್ತದೆ ಅಂತ ಹೇಳಬೇಕ್ರಿ.

ಬಹಳಷ್ಟು ಪಂಚಾಂಗ ತಂತ್ರಾಂಶಗಳ ಹೊಟ್ಟೆಯಲ್ಲಿರುವುದು ಸ್ವಿಸ್ ಎಫೆಮೆರಿಸ್ ಎಂಬ ಗ್ರಹಸ್ಥಾನ ಲೆಕ್ಕದ ತಂತ್ರಾಂಶ. ಅದಕ್ಕೆ ಆಧಾರ ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಬಾಹ್ಯಾಕಾಶ ನೌಕೆಗಳ ದಾರಿಗಾಗಿ ಮಾಡಿದ ಗಣಿತ. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕಕ್ಕೆ ಇಂದಿಗೂ ಲೇಸರ್ ಬಿಟ್ಟು ಅಳೆದ ದೂರಗಳು ಆ ಲೆಕ್ಕದಲ್ಲಿ ಸೇರುತ್ತವೆ. ಹಾಗಾಗಿ "ನಾಸಾ ದತ್ತಾಂಶ" ಅನ್ನುವುದು ಪೂರ್ತಿ ಸುಳ್ಳಲ್ಲ. ಆದರೆ ಅದು ಹೇಳುವುದು ಚಂದ್ರನ ಸ್ಥಾನ ಮಾತ್ರ. ಉಪವಾಸ ಯಾವತ್ತು ಅನ್ನುವುದನ್ನು ಆಪ್ ಬರೆದವರು ನಾಲ್ಕು ಸಾಲಿನ ಕೋಡಿನಲ್ಲಿ ತಾವೇ ತೀರ್ಮಾನಿಸಿರುತ್ತಾರೆ. ಬಳಸುವವರಿಗೆ ಆ ನಾಲ್ಕು ಸಾಲು ಕಾಣುವುದೇ ಇಲ್ಲ.

ಎಡವಟ್ಟು ಆಗುವ ಜಾಗಗಳಲ್ಲಿ ಮೊದಲನೆಯದು ಊರು. ಜಾಗದ ಅನುಮತಿ ಕೊಡದಿದ್ದರೆ ಆಪ್ ದಿಲ್ಲಿಗೋ ಉಜ್ಜಯಿನಿಗೋ ಲೆಕ್ಕ ಹಾಕುತ್ತದೆ. ರೇಖಾಂಶ ಒಂದು ಅಂಶಕ್ಕೆ 4 ನಿಮಿಷ. ಬೆಂಗಳೂರು 77.6, ಮಂಗಳೂರು 74.85, ಅಂದರೆ 11 ನಿಮಿಷ. ಅಕ್ಷಾಂಶವನ್ನೂ ಮರೆಯಬೇಡಿ: ಡಿಸೆಂಬರ್ ಕೊನೆಯಲ್ಲಿ ಬೀದರಿಗೂ ಮೈಸೂರಿಗೂ ಅಕ್ಷಾಂಶದ ಕಾರಣವೊಂದರಿಂದಲೇ ಸೂರ್ಯೋದಯ ಹತ್ತು ನಿಮಿಷ ಹೆಚ್ಚುಕಡಿಮೆ.

ಎರಡನೆಯದು, ಸೂರ್ಯೋದಯ ಎಂದರೆ ಯಾವುದು? ಬಿಂಬದ ಮೇಲಂಚು ಕಂಡಾಗಲೋ, ಬಿಂಬದ ಕೇಂದ್ರ ಗಣಿತದ ದಿಗಂತಕ್ಕೆ ಬಂದಾಗಲೋ? ವಾತಾವರಣ ಬೆಳಕನ್ನು 34 ಕಲೆ (60 ಕಲೆಗೆ ಒಂದು ಅಂಶ) ಬಾಗಿಸುತ್ತದೆ, ಅರ್ಧಬಿಂಬ 16 ಕಲೆ. ಒಟ್ಟು 50 ಕಲೆ. ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು ಮೂರೂವರೆ ನಿಮಿಷ. ಅಷ್ಟಕ್ಕೆ ಏನು ಮಹಾ ಅನ್ನಬೇಡಿ. ಮೇಲಿನವರು ಹೇಳಿದ ಸಾಧನ ದ್ವಾದಶಿಯನ್ನೇ ಮಂಗಳೂರಿಗೆ ಒಯ್ಯಿರಿ: ಸೂರ್ಯೋದಯ 6.21, ದ್ವಾದಶಿ 6.25ರವರೆಗೆ. ನಾಲ್ಕು ನಿಮಿಷ. ಇನ್ನೊಂದು ವ್ಯಾಖ್ಯೆ ಹಿಡಿದರೆ ಅರ್ಧ ನಿಮಿಷ. ಗಣಿತ ಒಂದೇ, ಚಂದ್ರ ಒಂದೇ. ಪಾರಣೆಗೆ ಹೊತ್ತು ಇದೆಯೋ ಇಲ್ಲವೋ ಎಂಬುದು ಆ ಕೋಡ್ ಬರೆದವನು ಯಾವ ಆಯ್ಕೆಗೆ ಟಿಕ್ ಹಾಕಿದ್ದಾನೆ ಅನ್ನುವುದರ ಮೇಲೆ ನಿಂತಿದೆ. ಲೆಕ್ಕದಲ್ಲಿ ಹತ್ತಿಪ್ಪತ್ತು ನಿಮಿಷ ಅತ್ತಿತ್ತ ಇದ್ದ ಕಾಲದಲ್ಲಿ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ನಿಖರತೆ ಹೆಚ್ಚಾದಷ್ಟೂ ಇಂಥ ಅಡಗಿಕೊಂಡ ಆಯ್ಕೆಗಳೆಲ್ಲ ಒಂದೊಂದಾಗಿ ಹೊರಗೆ ಬರುತ್ತವೆ.

ಮೂರನೆಯದು ನಿಮ್ಮ ನ್ಯೂಜೆರ್ಸಿ. ತಿಥಿ ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ, ಬದಲಾಗುವುದು ಸೂರ್ಯೋದಯ. ಬೇಸಿಗೆ ಸಮಯದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ದಶಮಿ ಮುಗಿಯುವುದು ಅಲ್ಲಿ ಮಂಗಳವಾರ ಸಂಜೆ 7.50, ಏಕಾದಶಿ ಮುಗಿಯುವುದು ಬುಧವಾರ ರಾತ್ರಿ 8.10. ಬುಧವಾರದ ಅರುಣೋದಯಕ್ಕೂ ಶುದ್ಧ ಏಕಾದಶಿ, ಸೂರ್ಯೋದಯಕ್ಕೂ ಏಕಾದಶಿ. ದೃಗ್ಗಣಿತ ಹಿಡಿದರೆ ಅಲ್ಲಿ ಸ್ಮಾರ್ತರಿಗೂ ವೈಷ್ಣವರಿಗೂ ಬುಧವಾರವೇ; ಪಾರಣೆ ಗುರುವಾರ ಬೆಳಗ್ಗೆ, ಹರಿವಾಸರ ನಡುರಾತ್ರಿ ದಾಟಿ 2.21ಕ್ಕೇ ಮುಗಿದಿರುತ್ತದೆ. ಮುದ್ರಿತ ಪಂಚಾಂಗದ 6.40 ತೆಗೆದುಕೊಂಡರೂ ದಶಮಿ ಅಲ್ಲಿ ಮಂಗಳವಾರ ರಾತ್ರಿ 9.10ಕ್ಕೆ ಮುಗಿಯುತ್ತದೆ, ಆಗಲೂ ಬುಧವಾರವೇ. ಊರಿನ ವಾರವನ್ನು ವಾಟ್ಸಾಪಿನಲ್ಲಿ ಕಳಿಸಿದ್ದರಿಂದ ಆ ಮನೆಯವರು ಗುರುವಾರ ದ್ವಾದಶಿಯಂದು ಉಪವಾಸ ಕೂರುತ್ತಿದ್ದಾರೆ. ಮುದ್ರಿತ ಪಂಚಾಂಗದ ವಾರ ಬೇಡ, ಅಂತ್ಯಕಾಲ ಕಳಿಸಿ, ಉಳಿದದ್ದನ್ನು ಅಲ್ಲಿನ ಸೂರ್ಯೋದಯಕ್ಕೆ ಕೂರಿಸಿಕೊಳ್ಳಲಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಒಂಬತ್ತೂವರೆ ಅಲ್ಲ, ಹತ್ತೂವರೆ ಗಂಟೆ ಕಳೆಯಬೇಕು ಅಂತಲೂ ಹೇಳಿ.

ಇನ್ನೊಂದು: ಹಬ್ಬದ ಪಟ್ಟಿಯನ್ನು ಎಷ್ಟೋ ಆಪ್‌ಗಳು ಲೆಕ್ಕ ಹಾಕುವುದೇ ಇಲ್ಲ, ಎಲ್ಲಿಂದಲೋ ನಕಲು ಮಾಡಿ ತುಂಬಿರುತ್ತವೆ. ತಿಥಿಯ ಪುಟ ಒಂದು ಹೇಳಿದರೆ ಹಬ್ಬದ ಪುಟ ಇನ್ನೊಂದು ಹೇಳುತ್ತದೆ. ಎರಡೂ ತಾಳೆಯಾಗದ ಆಪ್‌ನಲ್ಲಿ ಹಬ್ಬದ ಪುಟವನ್ನು ತೆರೆಯಲೇಬೇಡಿ.

---

ಘಟಿಕಾ60

ಅರುಣೋದಯ ಅವರೇ, ವ್ರತಕ್ಕೆ ಬೇರೆ ಗಣಿತ ಎಂಬ ವಾದವನ್ನು ಒಪ್ಪುವುದು ಕಷ್ಟ. ಸೂರ್ಯಸಿದ್ಧಾಂತದ ಎರಡನೇ ಅಧ್ಯಾಯದಲ್ಲೇ ಗ್ರಹಗಳು ದೃಕ್ತುಲ್ಯವಾಗುವಂತೆ ಸ್ಫುಟೀಕರಣ (ನಿಜಸ್ಥಾನ ತೆಗೆಯುವ ವಿಧಾನ) ಹೇಳುತ್ತೇನೆ ಎಂದಿದೆ. ಕಣ್ಣಿಗೆ ಕಾಣುವುದಕ್ಕೆ ಸಮನಾಗಬೇಕು ಎಂಬುದು ಗ್ರಂಥದ್ದೇ ಮಾತು. ಕೇರಳದ ಪರಮೇಶ್ವರ ದಶಕಗಟ್ಟಲೆ ಗ್ರಹಣಗಳನ್ನು ನೋಡಿ 1431ರಲ್ಲಿ ದೃಗ್ಗಣಿತ ಎಂಬ ಗ್ರಂಥ ಬರೆದ. 1520ರಲ್ಲಿ ಗಣೇಶ ದೈವಜ್ಞ ತನ್ನ ಕಾಲದ ಆಕಾಶಕ್ಕೆ ಹೊಂದುವಂತೆ ಗ್ರಹಲಾಘವ ಮಾಡಿದ. ನಮ್ಮ ನರಗುಂದದಲ್ಲಿ ಹುಟ್ಟಿ ಬಾಗಲಕೋಟೆಯಲ್ಲಿದ್ದ ವೆಂಕಟೇಶ ಬಾಪೂಜಿ ಕೇತಕರರು (1854–1930) ಯುರೋಪಿನ ಕೋಷ್ಟಕಗಳನ್ನು ಸಂಸ್ಕೃತ ಶ್ಲೋಕಗಳ ಗಣಿತಕ್ಕೆ ಇಳಿಸಿದರು. ತಿದ್ದುತ್ತಾ ಬರುವುದೇ ಸಂಪ್ರದಾಯವಾಗಿತ್ತು. ಅದನ್ನು ಒಂದು ಕಾಲಕ್ಕೆ ನಿಲ್ಲಿಸಿ ಇದೇ ಸನಾತನ ಎನ್ನುವುದು ಹೊಸ ಪದ್ಧತಿ.

ಸಿದ್ಧಾಂತ ಪಂಚಾಂಗದಲ್ಲೂ ಗ್ರಹಣದ ಸ್ಪರ್ಶ, ಮೋಕ್ಷ ಕಾಲಗಳನ್ನು ಆಧುನಿಕ ಗಣಿತದಿಂದಲೇ ತೆಗೆದುಕೊಳ್ಳುವುದು ಗೊತ್ತಿರುವ ವಿಷಯ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ಸ್ಪರ್ಶ ರಾತ್ರಿ 9.57, ಮೋಕ್ಷ 1.26. ಇದರಲ್ಲಿ ಅರ್ಧ ಗಂಟೆ ತಪ್ಪಿದರೆ ಬೀದಿಯಲ್ಲಿ ನಿಂತ ಮಕ್ಕಳಿಗೂ ಗೊತ್ತಾಗುತ್ತದೆ. ಏಕಾದಶಿ ಐದು ಗಂಟೆ ತಪ್ಪಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು ಗಣಿತ ಇಷ್ಟು ಕಾಲ ಜೊತೆಜೊತೆಯಾಗಿ ಬಾಳಿರುವುದು ಇದರಿಂದಲೇ ಎಂದು ನನ್ನ ಅಂದಾಜು.

ಹಾಗಂತ ಎಲ್ಲರೂ ದೃಗ್ಗಣಿತಕ್ಕೆ ಬಂದರೆ ಜಗಳ ಮುಗಿಯುತ್ತದೆ ಎನ್ನುವವರ ಮಾತೂ ನಿಲ್ಲುವುದಿಲ್ಲ. 2024ರ ದೀಪಾವಳಿ ನೆನಪಿಸಿಕೊಳ್ಳಿ. ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ 3.52ಕ್ಕೆ ಶುರು, ನವೆಂಬರ್ 1ರ ಸಂಜೆ 6.16ಕ್ಕೆ ಮುಕ್ತಾಯ. ಈ ಅಂಕಿಯಲ್ಲಿ ದೃಗ್ಗಣಿತದ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಲಕ್ಷ್ಮೀಪೂಜೆ ಪ್ರದೋಷಕಾಲದಲ್ಲಿ. 31ಕ್ಕೆ ಪ್ರದೋಷ ಪೂರ್ತಿ ಅಮಾವಾಸ್ಯೆ. 1ರಂದು ಬೆಂಗಳೂರಿನ ಸೂರ್ಯಾಸ್ತ ಸುಮಾರು 5.53, ಆಮೇಲೆ ಅಮಾವಾಸ್ಯೆ ಉಳಿಯುವುದು 23 ನಿಮಿಷ. ಒಂದು ಘಟಿಗೆ ಒಂದು ನಿಮಿಷ ಕಡಿಮೆ! ದಿಲ್ಲಿಯಲ್ಲಿ ಸೂರ್ಯ ಬೇಗ ಮುಳುಗುವುದರಿಂದ ಒಂದು ಘಟಿಗಿಂತ ಹೆಚ್ಚು. ಎರಡು ದಿನವೂ ಪ್ರದೋಷಕ್ಕೆ ತಿಥಿ ತಾಗಿದರೆ ಎರಡನೆಯದನ್ನು ಹಿಡಿಯಬೇಕು ಎನ್ನುವವರು, ಕನಿಷ್ಠ ಒಂದು ಘಟಿಯಾದರೂ ಇರಬೇಕು ಎನ್ನುವವರು, ಪೂರ್ತಿ ವ್ಯಾಪ್ತಿ ಇರುವ ದಿನವೇ ಸರಿ ಎನ್ನುವವರು. ದೇಶವೇ ಎರಡು ಪಾಲಾಯಿತು. ಗಣಿತದಲ್ಲಿ ಒಂದು ನಿಮಿಷದ ಜಗಳವೂ ಇಲ್ಲದೆ!

1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ಕೂತಿತು, 1955ರಲ್ಲಿ ವರದಿ ಬಂತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಶಕ ಪಂಚಾಂಗ ಜಾರಿಯಾಯಿತು. ಆ ದಿನಾಂಕ ಆಕಾಶವಾಣಿಯಲ್ಲೂ ಗೆಜೆಟ್‌ನಲ್ಲೂ ಬರುತ್ತದೆ, ಅದನ್ನು ನೋಡಿ ಉಪವಾಸ ಮಾಡುವವರನ್ನು ಹುಡುಕಬೇಕು.

---

ತುಂಗಾತೀರ

ಎಲ್ಲರಿಗೂ ಧನ್ಯವಾದ. ಆಪ್ ಇಲ್ಲದೆ ಕೈಯಲ್ಲೇ ತಿಥಿ ತೆಗೆದು ತಾಳೆ ನೋಡುವುದು ಹೇಗೆ? ಚಾಟ್‌ಬಾಟ್ ಕೇಳಿದರೆ ಪ್ರತಿ ಸಲವೂ ಬೇರೆ ದಿನ ಹೇಳುತ್ತದೆ, ಅದೂ ಬಹಳ ಗಟ್ಟಿ ದನಿಯಲ್ಲಿ.

---

ಕೋಡ್‌ಕುಲಕರ್ಣಿ

ಚಾಟ್‌ಬಾಟ್ ಬರೀ ಮಾತಿನಲ್ಲಿ ಉತ್ತರಿಸಿದರೆ ಅದು ಲೆಕ್ಕ ಹಾಕಿಲ್ಲ ಅಂತಲೇ ತಿಳಿಯಿರಿ. ಎಲ್ಲೋ ಓದಿದ ಪುಟಗಳ ನೆನಪಿನಿಂದ ವಾಕ್ಯ ಕಟ್ಟುತ್ತದೆ. ಹೋದ ವರ್ಷದ ದಿನಾಂಕ, ಉತ್ತರದವರ ಪೂರ್ಣಿಮಾಂತ (ಹುಣ್ಣಿಮೆಗೆ ಮುಗಿಯುವ) ಮಾಸದ ಹೆಸರು, ಅಮೆರಿಕದ ಸಮಯ ಎಲ್ಲ ಕಲಸಿಹೋಗಿರುತ್ತದೆ. ಕೃಷ್ಣಪಕ್ಷದಲ್ಲಿ ಅವರ ಮಾಸ ನಮಗಿಂತ ಒಂದು ಹೆಜ್ಜೆ ಮುಂದೆ, ಎಡವುವುದು ಹೆಚ್ಚಾಗಿ ಅಲ್ಲೇ. ಅದರಿಂದ ಕೆಲಸ ತೆಗೆಯಬೇಕೆಂದರೆ ದಿನ ಕೇಳಬೇಡಿ, ಸ್ವಿಸ್ ಎಫೆಮೆರಿಸ್ ಬಳಸಿ ತಿಥಿ ತೆಗೆಯುವ ಪೈಥಾನ್ ಕೋಡ್ ಕೇಳಿ, ಅದನ್ನು ನೀವೇ ಓಡಿಸಿ. ಸಮಯವನ್ನು ಯುಟಿಗೆ (ಗ್ರೀನಿಚ್ ಆಧಾರದ ವಿಶ್ವಸಮಯಕ್ಕೆ) ಬದಲಿಸಿದೆಯೇ ಅಂತ ಮೊದಲು ನೋಡಿ. ಉತ್ತರ ಐದೂವರೆ ಗಂಟೆ ಆಚೀಚೆ ಬಂದರೆ ಕಾರಣ ಅದೇ.

ಕೈಲೆಕ್ಕ ಹೀಗೆ. ರಾಷ್ಟ್ರೀಯ ಪಂಚಾಂಗದಲ್ಲೋ ಯಾವುದಾದರೂ ಕೋಷ್ಟಕದಲ್ಲೋ ಬೆಳಗ್ಗೆ 5.30ರ ಸ್ಥಾನ ತೆಗೆದುಕೊಳ್ಳಿ. ಸೂರ್ಯ 95 ಅಂಶ 20 ಕಲೆ, ಚಂದ್ರ 218 ಅಂಶ 44 ಕಲೆ ಇದೆ ಅನ್ನಿ. ಅಂತರ 123 ಅಂಶ 24 ಕಲೆ. (ಚಂದ್ರನ ಅಂಕಿ ಚಿಕ್ಕದಿದ್ದರೆ ಮೊದಲು 360 ಕೂಡಿಸಿ.) 12ರಿಂದ ಭಾಗಿಸಿದರೆ ಭಾಗಲಬ್ಧ 10: ಹತ್ತು ತಿಥಿ ಮುಗಿದು ಹನ್ನೊಂದನೆಯದು ನಡೆಯುತ್ತಿದೆ, ಶುಕ್ಲ ಏಕಾದಶಿ. ಶೇಷ 3 ಅಂಶ 24 ಕಲೆ, ಉಳಿದದ್ದು 8 ಅಂಶ 36 ಕಲೆ. ಮರುದಿನದ ಸ್ಥಾನದಿಂದ ಆ ದಿನದ ಸ್ಥಾನ ಕಳೆದು ದಿನಗತಿ ತೆಗೆಯಿರಿ: ಚಂದ್ರ 13 ಅಂಶ 9 ಕಲೆ, ಸೂರ್ಯ 57 ಕಲೆ ಬಂದರೆ ವ್ಯತ್ಯಾಸ 12 ಅಂಶ 12 ಕಲೆ. 8.6ನ್ನು 12.2ರಿಂದ ಭಾಗಿಸಿ 24ರಿಂದ ಗುಣಿಸಿ: 16 ಗಂಟೆ 55 ನಿಮಿಷ. 5.30ಕ್ಕೆ ಕೂಡಿಸಿದರೆ ರಾತ್ರಿ 10.25ಕ್ಕೆ ಏಕಾದಶಿ ಮುಕ್ತಾಯ.

ದಿನದೊಳಗೂ ಚಂದ್ರನ ಗತಿ ಬದಲಾಗುವುದರಿಂದ ಈ ಲೆಕ್ಕ ಕೆಲವು ನಿಮಿಷ ಜಾರುತ್ತದೆ. ಆರಾರು ಗಂಟೆಗೆ ಸ್ಥಾನ ಕೊಡುವ ಕೋಷ್ಟಕ ಸಿಕ್ಕರೆ ಆ ಜಾರಾಟ ಬಹುತೇಕ ಹೋಗುತ್ತದೆ.

---

ಅರುಣೋದಯ

ಒಂದು ಮಾತು ಸೇರಿಸುತ್ತೇನೆ. ಕೈಲೆಕ್ಕದಲ್ಲಿ ಬಂದ ದಶಮಿಯ ಅಂತ್ಯ ನಿಮ್ಮ ಊರಿನ ಅರುಣೋದಯಕ್ಕೆ ಹತ್ತು ನಿಮಿಷದೊಳಗೆ ಬಿದ್ದರೆ ಆ ಲೆಕ್ಕವನ್ನು ನಂಬಿ ತೀರ್ಮಾನಿಸಬೇಡಿ, ನಿಮ್ಮ ಮಠದ ನಿರ್ಣಯ ಕೇಳಿ. ಸೂರ್ಯೋದಯದ ವ್ಯಾಖ್ಯೆ ಯಾವುದು ಹಿಡಿದಿದ್ದೀರಿ ಎಂದೂ ಕೇಳಿ. ಘಟಿಕಾ ಅವರೇ, ನಿಮ್ಮ ದೃಕ್ತುಲ್ಯದ ಮಾತಿಗೆ ಕಮಲಾಕರನ ಪಕ್ಷದ ಉತ್ತರ ಇದೆ, ಅದಕ್ಕೆ ಬೇರೆ ಎಳೆಯೇ ಬೇಕು.